ನಾಲ್ಕು ಮಹಡಿಗೆ ಮೂರು ನಂಬರು

ನಮ್ಮ ಕಟ್ಟಡದಲ್ಲಿ ನಡೆದದ್ದರ ಬಗ್ಗೆ ಹೊರಗೆ ಯಾರೂ ಬಾಯಿ ಬಿಡಕೂಡದೆಂದು ನಿವಾಸಿಗಳ ಸಂಘದ ಅಧ್ಯಕ್ಷರು ಅಪ್ಪಣೆ ಹೊರಡಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ನನಗೆ ಬರೆಯುವ ಚಟವೇನೂ ಇಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು; ಗೋಡೆಯ ಮೇಲಿನ ಅಕ್ಷರಗಳನ್ನು ಬೇರೆಯವರಿಂದ ಓದಿಸುವುದೇ ನನ್ನ ಹೊಟ್ಟೆಪಾಡು. ಆದರೆ ಬೇಡ ಎಂದು ಯಾರಾದರೂ ಹೇಳಿದರೆ ಕೈ ಸುಮ್ಮನಿರುವುದಿಲ್ಲ. ಇದು ನಮ್ಮ ಮನೆತನದ ಗುಣ. ನಮ್ಮ ಅಕ್ಕನಿಗೆ ಅದು ನನಗಿಂತ ತುಸು ಜಾಸ್ತಿಯೇ ಇದೆ.

ಕಟ್ಟಡ ಹಳೆಯದು. ಕೆಳಗೆ ರಸ್ತೆಗೆ ಮುಖ ಮಾಡಿ ಟೈಲರ್ ಅಂಗಡಿ, ಅದರ ಮೇಲೆ ನಾಲ್ಕು ಮಹಡಿ, ಮಹಡಿಗೊಂದು ಮನೆ. ಮೊದಲ ಮಹಡಿಯಲ್ಲಿ ಅಧ್ಯಕ್ಷರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಬೇರೆಯವರ ತೀರ್ಪುಗಳನ್ನು ಟೈಪು ಮಾಡಿದ್ದರಿಂದ, ಈಗ ಸ್ವಂತ ತೀರ್ಪು ಕೊಡುವ ಹಸಿವು. ಎರಡನೇ ಮಹಡಿಯಲ್ಲಿ ಹೆಡ್‌ಮಿಸ್ಸು. ಶಾಲೆ ಬಿಟ್ಟು ಬಹಳ ಕಾಲವಾದರೂ ಮೆಟ್ಟಿಲ ಮೇಲೆ ಅವರು ಎದುರಾದರೆ ನಾವೆಲ್ಲ ಎಡಗಡೆ ಸಾಲಾಗಿ ನಿಲ್ಲುತ್ತೇವೆ. ಮೂರನೆಯದರಲ್ಲಿ ನಾನೊಬ್ಬನೇ. ನಾಲ್ಕನೆಯದರಲ್ಲಿ ಅಕ್ಕ ಮತ್ತು ಭಾವ. ಲಿಫ್ಟ್ ಇಲ್ಲ. ಗೋಡೆಗಳು ಎಷ್ಟು ಗಟ್ಟಿಯೆಂದರೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತದೆ. ಮೊಬೈಲ್ ಸಿಗ್ನಲ್ ಬೇಕಾದರೆ ಅರ್ಧ ದೇಹವನ್ನು ಕಿಟಕಿಯ ಹೊರಗೆ ಹಾಕಬೇಕು.

ಇಂಥ ಕಟ್ಟಡಕ್ಕೆ ಇಂಟರ್ನೆಟ್ ಬಂತು. ಮಾಲೀಕರು ಗೋಡೆಗೆ ತೂತು ಹೊಡೆಯಬೇಡಿ, ಮೆಟ್ಟಿಲ ಮೇಲೆ ವೈರು ಎಳೆಯಬೇಡಿ ಎಂದರು. ಹಾಗಾಗಿ ವೈರು ಟೈಲರ್ ಅಂಗಡಿಯವರೆಗೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಅದು ಗಾಳಿಯಲ್ಲೇ ಹತ್ತಬೇಕು. ಅದಕ್ಕಾಗಿ ಟೈಲರ್ ಅಂಗಡಿಯಲ್ಲೊಂದು, ಪ್ರತಿ ಮಹಡಿಯ ಬಾಗಿಲ ಮುಂದೆ ಒಂದೊಂದು ಡಬ್ಬಿ ಕೂರಿಸಿದರು. ಕೆಳಗಿನ ಡಬ್ಬಿ ಹೇಳಿದ್ದನ್ನು ಕೇಳಿಸಿಕೊಂಡು ಮೇಲಿನ ಡಬ್ಬಿಗೆ ದಾಟಿಸುವುದು ಅದರ ಕೆಲಸ. ನಮ್ಮ ಕಟ್ಟಡದಲ್ಲಿ ಸುದ್ದಿ ಹರಡುವ ಕ್ರಮವೂ ಇದೇ. ವ್ಯತ್ಯಾಸ ಇಷ್ಟೇ, ಡಬ್ಬಿಗಳು ತಮ್ಮ ಕಡೆಯಿಂದ ಏನನ್ನೂ ಸೇರಿಸುವುದಿಲ್ಲ.

ಉಳಿದವರಿಗೆ ಈ ಇಂಟರ್ನೆಟ್ ಹೊತ್ತು ಕಳೆಯುವ ಬಾಬತ್ತು. ಅಕ್ಕನಿಗೆ ಅದು ಅನ್ನ. ಮೊಣಕಾಲಿನ ಕೀಲು ಸವೆದು ಅವಳು ಬಟ್ಟೆ ಅಂಗಡಿಯ ಕೆಲಸ ಬಿಟ್ಟಿದ್ದಳು. ನಾಲ್ಕು ಮಹಡಿ ಇಳಿದು ಹತ್ತುವುದು ಅವಳಿಂದ ಸಾಧ್ಯವಿರಲಿಲ್ಲ. ಕಿಟಕಿಯ ಪಕ್ಕ ಕೂತು ರಸ್ತೆ ನೋಡುವುದಷ್ಟೇ ಆಗಿಹೋಗಿತ್ತು. ಅಂಥ ಹೊತ್ತಿನಲ್ಲಿ ಹಲ್ಲಿನ ಡಾಕ್ಟರಮ್ಮ ಒಬ್ಬರು ಕೆಲಸ ಕೊಟ್ಟರು. ಕ್ಲಿನಿಕ್ಕಿಗೆ ಬರುವ ಕರೆಗಳೆಲ್ಲ ಇಂಟರ್ನೆಟ್ ಮೂಲಕ ಅಕ್ಕನ ಫೋನಿಗೆ ಬರುತ್ತವೆ. ಯಾವ ಹಲ್ಲು, ಎಷ್ಟು ದಿನದಿಂದ ನೋವು, ಬಾವು ಇದೆಯೇ ಎಂದು ಕೇಳಿ ಅಕ್ಕ ಸಮಯ ಗೊತ್ತು ಮಾಡಬೇಕು. ಕೆಲಸ ಸಿಕ್ಕ ದಿನ ಅಕ್ಕ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಯಾರು ನೋಡ್ತಾರೆ ಎಂದು ನಾನು ನಕ್ಕೆ. ನಾನು ನೋಡ್ಕೋತೀನಲ್ಲ ಎಂದಳು. ಆಮೇಲೆ ನಾನು ನಗಲಿಲ್ಲ.

ತೊಂದರೆಯೆಂದರೆ ಕರೆಗಳು ನಾಲ್ಕನೇ ಮಹಡಿ ಮುಟ್ಟುವ ಹೊತ್ತಿಗೆ ತುಂಡುತುಂಡಾಗುತ್ತಿದ್ದವು. ಮೇಲಿನ ಎಡಗಡೆಯ ಹಲ್ಲು ಎಂದು ರೋಗಿ ಹೇಳಿದರೆ ಅಕ್ಕನಿಗೆ ಮೇಲಿನ ಎಂಬುದಷ್ಟೇ ಕೇಳುತ್ತಿತ್ತು. ಹೀಗೆ ಒಬ್ಬರ ಸರದಿ ಇನ್ನೊಬ್ಬರಿಗೆ ಹೋಗಿ, ಹಲ್ಲು ತೊಳೆಸಲು ಬಂದ ಮಹನೀಯರೊಬ್ಬರು ಹಲ್ಲು ಕೀಳುವ ಕುರ್ಚಿಯಲ್ಲಿ ಕೂತು, ಇಕ್ಕಳ ನೋಡಿ ಎದ್ದು ಓಡಿದರಂತೆ. ಡಾಕ್ಟರಮ್ಮ ಒಳ್ಳೆಯವರೇ, ಆದರೆ ಓಡಿಹೋಗುವ ರೋಗಿಗಳಿಂದ ಕ್ಲಿನಿಕ್ ನಡೆಯುವುದಿಲ್ಲ. ಲೈನು ಸರಿಹೋಗದಿದ್ದರೆ ಕ್ಲಿನಿಕ್ಕಿನಲ್ಲೇ ಕೂರುವ ಯಾರನ್ನಾದರೂ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು.

ಲೈನು ರಿಪೇರಿಯವನು ಬಂದ. ಎಲ್ಲರನ್ನೂ ಟೈಲರ್ ಅಂಗಡಿಯ ಮುಂದೆ ನಿಲ್ಲಿಸಿ ವಿವರಿಸಿದ. ಕಟ್ಟಡದಲ್ಲಿ ನಾಲ್ಕು ಮೆಟ್ಟಿಲ ಸಾಲು. ಒಂದೊಂದು ಸಾಲಿನ ಮೇಲೂ ಕೆಳಗಿನ ಡಬ್ಬಿ ಮೇಲಿನದರ ಜೊತೆ ಮಾತಾಡುತ್ತದೆ. ಈಗ ನಾಲ್ಕೂ ಸಾಲು ಒಂದೇ ಚಾನೆಲ್‌ನಲ್ಲಿರುವುದರಿಂದ ಒಂದರ ಮಾತು ಇನ್ನೊಂದರ ಮೇಲೆ ಬಿದ್ದು ಯಾರ ಮಾತೂ ಯಾರಿಗೂ ತಿಳಿಯುತ್ತಿಲ್ಲ. ಅಕ್ಕಪಕ್ಕದ ಸಾಲುಗಳಿಗೆ ಬೇರೆಬೇರೆ ಚಾನೆಲ್ ಕೊಡಬೇಕು. ಈ ಡಬ್ಬಿಗಳಲ್ಲಿ ಒಂದಕ್ಕೊಂದು ತಾಗದೆ ಇರುವ ಚಾನೆಲ್‌ಗಳು ಮೂರೇ: ಒಂದು, ಆರು, ಹನ್ನೊಂದು. ಸಾಲುಗಳು ನಾಲ್ಕು, ನಂಬರು ಮೂರು. ಆದ್ದರಿಂದ ಯಾರಾದರೂ ಇಬ್ಬರು ಒಂದೇ ನಂಬರು ಇಟ್ಟುಕೊಳ್ಳಬೇಕು. ಮಧ್ಯೆ ಒಂದು ಸಾಲಾದರೂ ಅಂತರವಿದ್ದರೆ ಸಾಕು, ಏನೂ ತೊಂದರೆಯಿಲ್ಲ. ಇಷ್ಟು ಹೇಳಿ, ಇದನ್ನು ನೋಡಿಕೊಳ್ಳಲು ನಿಮ್ಮಲ್ಲಿ ಯಾರಿದ್ದಾರೆ ಎಂದ.

ಇಲ್ಲಿ ನಮ್ಮ ಭಾವ ಕೈ ಎತ್ತಿದರು.

ಭಾವ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರಬೇಕೆಂದು ನಿರ್ಧರಿಸಿ ಮೈಕಿನಲ್ಲಿ ಕೂಗುವುದು ಅವರ ಕೆಲಸ. ಬಹಳ ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವರೆಂದರೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಒಂದನೇ ಪ್ಲಾಟ್‌ಫಾರಂ ಕ್ಯಾಂಟೀನಿಗೆ ಹತ್ತಿರ ಎಂದು ಡ್ರೈವರುಗಳೆಲ್ಲ ಅದನ್ನೇ ಕೇಳುತ್ತಾರೆ, ಭಾವ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ಆ ನಿಲ್ದಾಣದಲ್ಲಿ ಉಳಿದ ಪ್ಲಾಟ್‌ಫಾರಂಗಳ ಮೇಲೆ ನಾಯಿಗಳು ನೆಮ್ಮದಿಯಾಗಿ ಮಲಗಿರುತ್ತವೆ. ಅಂಥವರು ಈಗ ಎದೆ ಮುಂದೆ ಮಾಡಿ, ಊರಿಗೆ ಊರನ್ನೇ ಪ್ಲಾಟ್‌ಫಾರಂ ಹತ್ತಿಸಿ ಕಳಿಸುವವನು ನಾನು, ನಾಲ್ಕು ಡಬ್ಬಿ ಯಾವ ಲೆಕ್ಕ ಎಂದರು. ರಿಪೇರಿಯವನಿಗೆ ಇಷ್ಟೇ ಬೇಕಾಗಿತ್ತು. ನಂಬರು ಬದಲಿಸುವ ಕ್ರಮವನ್ನು ಭಾವನ ಫೋನಿನಲ್ಲಿ ತೋರಿಸಿ, ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿ, ಮತ್ತೆ ಈ ಬೀದಿಗೆ ತಲೆ ಹಾಕಲಿಲ್ಲ.

ಅಧ್ಯಕ್ಷರು ಭಾವನಿಗೆ ಚಾನೆಲ್ ಅಧಿಕಾರಿ ಎಂಬ ಹುದ್ದೆ ಕೊಟ್ಟರು. ಭಾವ ಅಂದೇ ಶರ್ಟಿನ ಜೇಬಿಗೆ ಎರಡನೇ ಪೆನ್ನು ಸಿಕ್ಕಿಸಿಕೊಂಡರು. ಅದರಿಂದ ಏನು ಬರೆಯಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆದರೂ ಸತ್ಯ ಹೇಳಬೇಕು: ಆ ಸಂಜೆ ಅವರು ಮಾಡಿದ ಹಂಚಿಕೆ ಸರಿಯಾಗಿಯೇ ಇತ್ತು. ಕೆಳಗಿನಿಂದ ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಹನ್ನೊಂದು, ನಾಲ್ಕನೆಯದಕ್ಕೆ ಮತ್ತೆ ಒಂದು. ಅಕ್ಕನಿಗೆ ರೋಗಿಯೊಬ್ಬ ಹಲ್ಲು ನೋವಿನಿಂದ ಉಸಿರೆಳೆಯುವುದೂ ಕೇಳಿಸಿತಂತೆ. ಅವಳ ಮುಖದಲ್ಲಿ ಆ ದಿನ ಕಂಡ ಸಂತೋಷವನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಧಿಕಾರಿ ಎಂದ ಮೇಲೆ ಪ್ರಕಟಣೆ ಬೇಡವೇ? ಭಾವ ಮರುದಿನ ಬೆಳಿಗ್ಗೆ ಮೆಟ್ಟಿಲ ನಡುವೆ ನಿಂತು, ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ ಬರುವ ಬಸ್ ನಿಲ್ದಾಣದ ದನಿಯಲ್ಲಿ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು. "ನಿವಾಸಿಗಳ ಗಮನಕ್ಕೆ. ಮೊದಲ ಮಹಡಿಗೆ ಹೊರಡುವ ಸಿಗ್ನಲ್, ಚಾನೆಲ್ ಸಂಖ್ಯೆ ಒಂದರಲ್ಲಿ. ಎರಡನೇ ಮಹಡಿಗೆ ಹೊರಡುವ ಸಿಗ್ನಲ್, ಚಾನೆಲ್ ಸಂಖ್ಯೆ ಆರರಲ್ಲಿ..."

ಬಾಗಿಲುಗಳು ಒಂದೊಂದಾಗಿ ತೆರೆದವು. ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ನಮ್ಮ ನಂಬರು ಗೊತ್ತಿರಲಿಲ್ಲ, ಗೊತ್ತಿಲ್ಲದ್ದರಿಂದ ಎಲ್ಲರೂ ಸುಖವಾಗಿದ್ದೆವು.

ಮೊದಲು ಭಾವನನ್ನು ಕರೆಸಿದವರು ಅಧ್ಯಕ್ಷರು. ಒಂದು ಕೊಟ್ಟದ್ದಕ್ಕೆ ಸಂತೋಷ ಎಂದರು. ಆದರೆ ಅದೇ ಒಂದನ್ನು ನಾಲ್ಕನೇ ಮಹಡಿಗೂ ಕೊಟ್ಟದ್ದು ಯಾವ ನ್ಯಾಯ? ಒಂದು ಕೋರ್ಟಿನಲ್ಲಿ ಇಬ್ಬರು ಜಡ್ಜಿಗೆ ಒಂದೇ ಕುರ್ಚಿ ಹಾಕುತ್ತಾರೆಯೇ? ಅಂತರವಿದ್ದರೆ ತೊಂದರೆಯಿಲ್ಲ ಎಂದು ಭಾವ ಹೇಳಿದ್ದಕ್ಕೆ, ತೊಂದರೆಯ ಪ್ರಶ್ನೆಯಲ್ಲ ರೀ, ಅಂತಸ್ತಿನ ಪ್ರಶ್ನೆ ಎಂದರು. ನಾಲ್ಕನೇ ಮಹಡಿಯ ಜೊತೆ ನಂಬರು ಹಂಚಿಕೊಂಡು ಬಾಳುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಭಾವ ಆಗಲಿ ಸಾರ್ ಎಂದು ಬಂದರು. ಅಧ್ಯಕ್ಷರೊಬ್ಬರಿಗೇ ಒಂದು ಎಂದು ಮಾತು ಕೊಟ್ಟದ್ದಾಯಿತು.

ಅಷ್ಟರಲ್ಲಿ ಎರಡನೇ ಮಹಡಿಯಲ್ಲಿ ಹೆಡ್‌ಮಿಸ್ಸು ಕಾದಿದ್ದರು. ತಾವು ಜೀವಮಾನದಲ್ಲಿ ಆರನೆಯವರಾಗಿ ಬಂದದ್ದಿಲ್ಲವೆಂದೂ, ಮೊದಲ ಸ್ಥಾನ ತಪ್ಪಿದ್ದರೆ ತಮ್ಮ ತಂದೆ ಊಟಕ್ಕೆ ಕರೆಯುತ್ತಿರಲಿಲ್ಲವೆಂದೂ ಹೇಳಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. ಆ ನೋಟದ ಮುಂದೆ ನಮ್ಮ ಭಾವ ಎಷ್ಟರವರು? ಆಗಲಿ ಮೇಡಂ, ನಿಮಗೂ ಒಂದೇ ಕೊಡ್ತೀನಿ, ಆದ್ರೆ ಯಾರಿಗೂ ಹೇಳಬೇಡಿ ಎಂದರು.

ಇನ್ನು ಉಳಿದವನು ನಾನು. ನಾನು ಏನನ್ನೂ ಕೇಳಿರಲಿಲ್ಲ. ಆದರೆ ಹೆಂಡತಿಯ ತಮ್ಮ ಹನ್ನೊಂದರಲ್ಲಿ ಬಿದ್ದಿದ್ದರೆ ಬಂಧುಬಳಗದಲ್ಲಿ ತನ್ನ ಮರ್ಯಾದೆ ಏನಾದೀತು ಎಂದು ಭಾವನಿಗೇ ಅನ್ನಿಸಿ, ನನಗೂ ಒಂದನ್ನು ದಯಪಾಲಿಸಿದರು. ನನಗೆ ಹೇಳಲೂ ಇಲ್ಲ. ಸ್ವಂತ ಮನೆಗೆ ಮೊದಲೇ ಒಂದಿತ್ತು. ಅದನ್ನು ತೆಗೆದರೆ ಅಕ್ಕ ಬಿಡುತ್ತಾಳೆಯೇ? ಹಾಗೇ ಇಟ್ಟರು. ಹೀಗೆ ನಾಲ್ಕು ಸಾಲುಗಳೂ ಮೊದಲಿದ್ದ ಹಾಗೆ ಒಂದೇ ಚಾನೆಲ್‌ಗೆ ಬಂದು ಸೇರಿದವು. ಮೊದಲು ಅದು ಅಜ್ಞಾನವಾಗಿತ್ತು, ಈಗ ಆಡಳಿತವಾಯಿತು.

ಇಂಟರ್ನೆಟ್ ಮಕಾಡೆ ಮಲಗಿತು. ವಿಶೇಷವೆಂದರೆ, ಯಾರೊಬ್ಬರೂ ದೂರು ಕೊಡಲಿಲ್ಲ. ಗುಟ್ಟಾಗಿ ಸಿಕ್ಕ ಒಂದನೇ ನಂಬರು, ದೂರು ಕೊಟ್ಟರೆ ಎಲ್ಲಿ ಕೈ ತಪ್ಪುತ್ತದೋ ಎಂಬ ಭಯ. ಸಂಘದ ಚಂದಾ ಕೊಡಲು ನಾನು ಅಧ್ಯಕ್ಷರ ಮನೆಗೆ ಹೋದಾಗ ಅವರ ದೊಡ್ಡ ಟಿವಿಯಲ್ಲಿ ವಾರ್ತೆ ಓದುವಾಕೆ ಬಾಯಿ ತೆರೆದು ಹಾಗೇ ನಿಂತುಬಿಟ್ಟಿದ್ದಳು. ಅಧ್ಯಕ್ಷರು ಎದುರಿಗೆ ಕೂತು, ಎಷ್ಟು ಸ್ಪಷ್ಟವಾಗಿ ಬರ್ತಿದೆ ನೋಡಿ, ಒಂದೊಂದು ಹಲ್ಲೂ ಎಣಿಸಬಹುದು ಎಂದರು. ಹೆಡ್‌ಮಿಸ್ಸು ತಮ್ಮ ತಂಗಿಯ ಜೊತೆ ವಿಡಿಯೋದಲ್ಲಿ ಮಾತಾಡಲು ಕೂತರೆ ತಂಗಿಯ ಚಿತ್ರ ಅಲುಗಾಡದೆ ನಿಲ್ಲುತ್ತಿತ್ತಂತೆ. ಅವರು ಅದಕ್ಕೇ ಪೂರ್ತಿ ಗಂಟೆ ಬುದ್ಧಿ ಹೇಳಿ ಎದ್ದು, ನಮ್ಮ ತಂಗಿ ಇತ್ತೀಚೆಗೆ ಎದುರು ಮಾತಾಡೋದು ಬಿಟ್ಟಿದಾಳೆ ಎಂದು ಎಲ್ಲರೆದುರು ಹೆಮ್ಮೆಪಟ್ಟರು.

ಅಕ್ಕನ ಪಾಡು ಮಾತ್ರ ನಗುವಂಥದ್ದಾಗಿರಲಿಲ್ಲ. ಕರೆ ಬರುತ್ತಿತ್ತು, ಹಲೋ ಎನ್ನುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಕೊನೆಗೆ ಅಕ್ಕ ಕಿಟಕಿಯ ಹೊರಗೆ ಬಾಗಿ ಮೊಬೈಲ್ ಸಿಗ್ನಲ್ ಹಿಡಿದು ಮಾತಾಡಿದಾಗ ಡಾಕ್ಟರಮ್ಮ ಖಂಡಿತವಾದ ಮಾತು ಹೇಳಿಬಿಟ್ಟರು. ನಾಳೆ ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ತಾವೇ ಇಂಟರ್ನೆಟ್ ಲೈನಿನಲ್ಲಿ ಕರೆ ಮಾಡುತ್ತಾರೆ, ಅಕ್ಕ ಮನೆಯಲ್ಲೇ ಕೂತು ಮಾತಾಡಬೇಕು, ಆ ಕರೆಯೂ ತುಂಡಾದರೆ ಕ್ಲಿನಿಕ್ಕಿನಲ್ಲಿ ಬೇರೆಯವರು. ಫೋನು ಕೆಳಗಿಟ್ಟ ಮೇಲೆ ಅಕ್ಕ ಮತ್ತೆ ಆ ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದಳು.

ಗುಟ್ಟು ಬಯಲಾದದ್ದು ಟೈಲರ್‌ನಿಂದ. ಶರ್ಟಿಗೆ ಅಳತೆ ಕೊಡುವಾಗ ಮನುಷ್ಯ ಎರಡೂ ಕೈ ಎತ್ತಿ ನಿಂತಿರುತ್ತಾನೆ. ಆ ಸ್ಥಿತಿಯಲ್ಲಿ ಗುಟ್ಟು ಹಿಡಿದಿಟ್ಟುಕೊಳ್ಳುವುದು ಕಷ್ಟ. ಅಧ್ಯಕ್ಷರು ಕೋಟಿನ ಅಳತೆಗೆ ನಿಂತಾಗ ತಮ್ಮೊಬ್ಬರಿಗೇ ಒಂದು ಎಂದಿದ್ದರು. ಹೆಡ್‌ಮಿಸ್ಸು ರವಿಕೆ ಕೊಡಲು ಬಂದು ತಮಗೂ ಒಂದು, ಯಾರಿಗೂ ಹೇಳಬೇಡಿ ಎಂದಿದ್ದರು. ಭಾವ ಸ್ವತಃ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದು, ಭಾವಮೈದುನನಿಗೂ ಕೊಡಿಸಿದೆ ಎಂದು ಜಂಬ ಕೊಚ್ಚಿದ್ದರು. ಅದೇ ಸಂಜೆ ಟೈಲರ್ ನನ್ನನ್ನು ಕರೆದು, "ಅಲ್ಲಪ್ಪಾ, ನಿಮ್ಮ ಬಿಲ್ಡಿಂಗ್‌ನಲ್ಲಿ ಎರಡನೆಯವರು ಅಂತ ಯಾರೂ ಇಲ್ವಾ?" ಎಂದ.

ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅಕ್ಕನಿಗೆ ಒಪ್ಪಿಸಿದೆ. ಭಾವ ಆಗಷ್ಟೇ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದರು. ಅಕ್ಕ ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೆ ನಾನಾದರೆ ಊರು ಬಿಡುತ್ತೇನೆ. ಭಾವನಿಗೆ ಅಷ್ಟು ಸೂಕ್ಷ್ಮ ತಿಳಿಯುವುದಿಲ್ಲ.

"ಏನೂಂದ್ರೆ, ಎಲ್ರಿಗೂ ಒಂದೇ ಕೊಟ್ರಂತೆ?"

"ಏನೇ ಮಾಡ್ಲಿ, ಎಲ್ಲರೂ ದೊಡ್ಡವರು, ಕೇಳಿದ್ರು. ನಮ್ಮ ಸ್ಟ್ಯಾಂಡಲ್ಲೂ ಹಾಗೇ. ಒಂದನೇ ಪ್ಲಾಟ್‌ಫಾರಂಗೇ ನಾಲ್ಕು ಬಸ್ ಬಂದು ನಿಲ್ತಾವೆ."

"ನಿಲ್ತಾವೆ ಸರಿ. ಹೊರಡೋದು ಎಷ್ಟು?"

ಭಾವ ಲೋಟದೊಳಗೆ ನೋಡಿದರು. ಮುಂದಿನದಕ್ಕೆ ಹಿಂದೆ ಹೋಗಲು ಆಗುವುದಿಲ್ಲ, ಹಿಂದಿನದಕ್ಕೆ ಮುಂದೆ ಹೋಗಲು ಆಗುವುದಿಲ್ಲ, ಹಾರ್ನ್ ಹೊಡೆಯುತ್ತಾ ಇರುತ್ತವೆ ಎಂದು ಒಪ್ಪಿಕೊಂಡರು. ಹಾಗಾದರೆ ಬದಲಾಯಿಸಿ ಎಂದಳು ಅಕ್ಕ. ಕೊಟ್ಟ ಮಾತು ಹೇಗೆ ತಪ್ಪುವುದು, ಅಧ್ಯಕ್ಷರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು ಭಾವ ಚಪ್ಪಲಿ ಹಾಕಿಕೊಂಡು ಹೋದರು. ತಲೆ ತಗ್ಗಿಸಿಕೊಂಡು ವಾಪಸು ಬಂದರು. ಅಧ್ಯಕ್ಷರು ತೀರ್ಪು ಕೊಟ್ಟಿದ್ದರಂತೆ: ಸಾಲು ನಾಲ್ಕು, ನಂಬರು ಮೂರು ಎಂದಾದರೆ ಒಂದು ಸಾಲು ಹೆಚ್ಚಾಯಿತು, ಮೇಲಿನದನ್ನು ತೆಗೆದುಹಾಕಿ.

ಅಕ್ಕ ಇದನ್ನು ಕೇಳಿ, ಸರಿ, ನಾಳೆ ನೋಡೋಣ ಎಂದಳು. ನಾನು ನನ್ನ ಅಂಗಡಿಗೆ ಫೋನು ಮಾಡಿ ನಾಳೆ ರಜೆ ಎಂದು ಹೇಳಿಬಿಟ್ಟೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಮನುಷ್ಯ ನಾನಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಇಳಿದಳು. ಒಂದು ಕೈ ಕಂಬಿಯ ಮೇಲೆ, ಒಂದು ಕೈ ನನ್ನ ಭುಜದ ಮೇಲೆ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ಹಲ್ಲು ಕಚ್ಚಿಕೊಂಡು ಇಳಿದಳು. ನನ್ನ ಇನ್ನೊಂದು ಕೈಯಲ್ಲಿ ಅವಳ ಅಡುಗೆಮನೆಯ ಸ್ಟೂಲಿತ್ತು. ಟೈಲರ್ ಅಂಗಡಿಗೆ ಕರೆದುಕೊಂಡು ಹೋಗಲೇ, ಅಲ್ಲಿ ವೈರೇ ಇದೆ ಎಂದೆ. ಅಲ್ಲಿ ಮಿಷನ್ ಸದ್ದು ಎಂದಳು. ಆಮೇಲೆ ಮೊದಲ ಮಹಡಿಯಲ್ಲಿ ನಿಂತು, "ಇಲ್ಲೇ ಹಾಕು. ಬಾಗಿಲಿಗೆ ನೇರವಾಗಿ" ಎಂದಳು. ಅದು ಅಧ್ಯಕ್ಷರ ಬಾಗಿಲು. ಕೆಳಗಿನ ಡಬ್ಬಿಯಿಂದ ಒಂದೇ ಜಿಗಿತವಾದ್ದರಿಂದ ಅಲ್ಲಿ ಸಿಗ್ನಲ್ ಕುಂಟುತ್ತಲಾದರೂ ಬರುತ್ತಿತ್ತು.

ಅಧ್ಯಕ್ಷರು ಪೇಪರಿಗೆಂದು ಬಾಗಿಲು ತೆರೆದರೆ, ಎದುರಿಗೆ ಅಕ್ಕ ಒಳ್ಳೆಯ ಸೀರೆಯಲ್ಲಿ ಕೂತು, ಕೀವು ಬರ್ತಿದೆಯಾ, ಬಿಳೀನಾ ಹಳದೀನಾ ಎಂದು ಯಾರನ್ನೋ ವಿಚಾರಿಸುತ್ತಿದ್ದಳು. ಅವರು ಬಾಗಿಲು ಹಾಕಿಕೊಂಡರು. ತಿಂಡಿಯ ಹೊತ್ತಿಗೆ ವಸಡಿನ ರಕ್ತ. ಊಟದ ಹೊತ್ತಿಗೆ ಬಾಯಿಯ ವಾಸನೆ. ಗೋಡೆ ದಪ್ಪವಾದರೂ ಬಾಗಿಲು ತೆಳ್ಳಗಿತ್ತು. ಮಧ್ಯಾಹ್ನ ಅಧ್ಯಕ್ಷರ ಹೆಂಡತಿ ತಟ್ಟೆಯನ್ನು ದೂರ ತಳ್ಳಿ, ಏನಾದ್ರೂ ಮಾಡಿ, ಇಲ್ಲ ನಾನು ನನ್ನ ತಂಗಿ ಮನೆಗೆ ಹೋಗ್ತೀನಿ ಎಂದದ್ದು ನಮಗೆ ಹೊರಗೆ ಕೇಳಿಸಿತು. ಅಧ್ಯಕ್ಷರು ಹೊರಬಂದು, ಇದು ಸಾರ್ವಜನಿಕ ಮೆಟ್ಟಿಲು, ಇಲ್ಲಿ ಕೂರುವಂತಿಲ್ಲ ಎಂದರು. ಸಾರ್ವಜನಿಕ ಆದ್ದರಿಂದಲೇ ಕೂತಿದ್ದೇನೆ, ನಿಮ್ಮ ಸ್ವಂತದ್ದಾಗಿದ್ದರೆ ಕೇಳಿ ಕೂರುತ್ತಿದ್ದೆ ಎಂದಳು ಅಕ್ಕ. ಮತ್ತೆ ಫೋನಿಗೆ ತಿರುಗಿ, ನಿಮಗಲ್ಲ ಹೇಳಿದ್ದು, ನೀವು ಬಾಯಿ ಮುಕ್ಕಳಿಸಿ ಎಂದಳು.

ಸಂಜೆ ಅಧ್ಯಕ್ಷರ ಮನೆಗೆ ಒಬ್ಬ ಅತಿಥಿ ಬರುವವರಿದ್ದರು. ಅಧ್ಯಕ್ಷರು ಯಾರ ತೀರ್ಪುಗಳನ್ನು ಟೈಪು ಮಾಡಿದ್ದರೋ ಆ ಹಳೆಯ ಜಡ್ಜ್ ಸಾಹೇಬರು. ಸಾಹೇಬರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದು, ಅಕ್ಕನ ಮಾತನ್ನು ಸ್ವಲ್ಪ ಹೊತ್ತು ಗಂಭೀರವಾಗಿ ಆಲಿಸಿದರು. ಅಧ್ಯಕ್ಷರು ಓಡಿ ಬಂದು ಪ್ರಕರಣದ ವಿವರಗಳನ್ನೆಲ್ಲ ಅವರ ಮುಂದೆ ಮಂಡಿಸಿ, ತಾವೇ ಒಂದು ತೀರ್ಮಾನ ಹೇಳಬೇಕು ಎಂದರು. ಸಾಹೇಬರು, ನಾನು ನಿವೃತ್ತನಾದವನು, ತೀರ್ಮಾನ ಹೇಳುವುದಿಲ್ಲ ಎಂದು ಅಕ್ಕನ ಕಡೆ ತಿರುಗಿ, ತಮ್ಮ ಕೆಳಗಿನ ಹಲ್ಲು ಸೆಟ್ಟು ಮಾತಾಡುವಾಗ ಕಳಚಿಕೊಳ್ಳುತ್ತದೆ, ನಾಳೆ ಬೆಳಿಗ್ಗೆ ಸಮಯ ಸಿಗುತ್ತದೆಯೇ ಎಂದು ಕೇಳಿದರು. ಅಕ್ಕ ಹತ್ತೂವರೆಗೆ ಕೊಟ್ಟಳು.

ಅಧ್ಯಕ್ಷರ ಸಹನೆಯ ಕಟ್ಟೆ ಒಡೆಯಿತು. ಗಲಾಟೆ ಕೇಳಿ ಹೆಡ್‌ಮಿಸ್ಸು ಮೇಲಿನಿಂದ ಇಳಿದರು, ಟೈಲರ್ ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಕೆಳಗಿನಿಂದ ಹತ್ತಿದ. ಸರಿಯಾಗಿ ಆಗ ಭಾವ ಕೆಲಸದಿಂದ ಬಂದರು. ಹೆಂಡತಿ ಸ್ಟೂಲಿನ ಮೇಲೆ, ಅಧ್ಯಕ್ಷರು ಬಾಗಿಲಲ್ಲಿ, ಜಡ್ಜ್ ಸಾಹೇಬರು ಮೆಟ್ಟಿಲ ಮೇಲೆ. ಭಾವ ಎತ್ತ ನಮಸ್ಕಾರ ಮಾಡುವುದೆಂದು ತಿಳಿಯದೆ ಗೋಡೆಗೆ ಮಾಡಿದರು.

"ಏನ್ರೀ ಟೈಮ್‌ಕೀಪರೇ," ಎಂದರು ಅಧ್ಯಕ್ಷರು. "ನಿಮ್ಮ ಹೆಂಡತೀನ ಮೇಲಕ್ಕೆ ಕರ್ಕೊಂಡು ಹೋಗಿ. ಹೋದವರು ನಾಲ್ಕನೇ ಡಬ್ಬೀನ ಬಿಚ್ಚಿ ತಂದು ನನ್ನ ಕೈಗೆ ಕೊಡಿ. ಇದು ಸಂಘದ ಆದೇಶ."

ಭಾವನ ಬಾಯಿ ಅಭ್ಯಾಸಬಲದಿಂದ ಆಗಲಿ ಸಾರ್ ಎನ್ನಲು ತೆರೆಯಿತು. ನಾನು ಕಣ್ಣಾರೆ ಕಂಡೆ. ಆದರೆ ಅಷ್ಟರಲ್ಲಿ ಅಕ್ಕ ಏಳಲು ಹೋಗಿ, ದಿನವೆಲ್ಲ ಮಡಿಚಿಕೊಂಡಿದ್ದ ಕಾಲು ನೆಟ್ಟಗಾಗದೆ, ಕಂಬಿ ಹಿಡಿದು ಕಣ್ಣು ಮುಚ್ಚಿದಳು. ಭಾವ ಅವಳನ್ನು ನೋಡಿದರು. ಅವಳು ಎಷ್ಟು ಮೆಟ್ಟಿಲು ಇಳಿದು ಬಂದಿದ್ದಾಳೆಂದು ಅವರಿಗೆ ಅರ್ಥವಾದದ್ದು ಆಗಲೇ ಇರಬೇಕು. ತೆರೆದ ಬಾಯಿ ಹಾಗೇ ಮುಚ್ಚಿತು. ಜೇಬಿನಿಂದ ಫೋನು ಹೊರಬಂತು.

"ಇಲ್ಲ ಸಾರ್," ಎಂದರು ಭಾವ.

ಈ ಎರಡು ಪದಗಳನ್ನು ಅವರು ಈ ಕ್ರಮದಲ್ಲಿ ಹೇಳಿದ್ದು ನಮ್ಮ ಕುಟುಂಬದ ಇತಿಹಾಸದಲ್ಲೇ ಮೊದಲು. ಅಧ್ಯಕ್ಷರಿಗೆ ಕೇಳಿಸಲಿಲ್ಲವೋ ಏನೋ, ಏನಂದ್ರಿ ಎಂದರು. ಭಾವ ಉತ್ತರ ಕೊಡುವ ಬದಲು ಗಂಟಲು ಸರಿಮಾಡಿಕೊಂಡು, ಮುಖ ಮೇಲೆ ಮಾಡಿ ಆ 'ನಿಲ್ದಾಣದ ದನಿ' ಎತ್ತಿದರು.

"ನಿವಾಸಿಗಳ ಗಮನಕ್ಕೆ. ಈ ಸಲ ಲೆಕ್ಕ ಮೇಲಿನಿಂದ ಶುರು. ನಾಲ್ಕನೇ ಮಹಡಿಗೆ ಹೊರಡುವ ಸಿಗ್ನಲ್, ಚಾನೆಲ್ ಸಂಖ್ಯೆ ಒಂದರಲ್ಲಿ. ಮೂರನೇ ಮಹಡಿ, ಆರು. ಎರಡನೇ ಮಹಡಿ, ಹನ್ನೊಂದು. ಮೊದಲನೇ ಮಹಡಿ, ಆರು. ನಾಲ್ಕನೇ ಮಹಡಿ ಜೊತೆ ನಂಬರು ಹಂಚ್ಕೊಳಲ್ಲ ಅಂತ ಅಧ್ಯಕ್ಷರು ಕೇಳಿದ್ರು. ಅವರ ಮಾತು ನಡೆಸಿಕೊಟ್ಟಿದೀನಿ."

ನಾನು ಬೆರಳು ಮಡಿಚಿ ನೋಡಿದೆ. ಪಕ್ಕಪಕ್ಕದ ಸಾಲುಗಳಲ್ಲಿ ಎಲ್ಲಿಯೂ ಒಂದೇ ನಂಬರು ಬಿದ್ದಿರಲಿಲ್ಲ. ಅಧ್ಯಕ್ಷರೂ ನಾನೂ ಆರರಲ್ಲಿ ಜೊತೆ, ಮಧ್ಯೆ ಹೆಡ್‌ಮಿಸ್ಸಿನ ಹನ್ನೊಂದು. ಭಾವ ಇದನ್ನು ಲೆಕ್ಕ ಹಾಕಿ ಹೇಳಿದರೋ, ಬಾಯಿಗೆ ಬಂದದ್ದು ಹಾಗೆ ಸರಿಯಾಗಿಬಿಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ಅನುಭವ ಎನ್ನುತ್ತಾರೆ.

ಹೆಡ್‌ಮಿಸ್ಸು ಕನ್ನಡಕ ಇಳಿಸಿದರು. ಭಾವ ಆ ನೋಟವನ್ನು ಎದುರಿಸಿ, ಹನ್ನೊಂದು ಇಡೀ ಕಟ್ಟಡದಲ್ಲಿ ನಿಮಗೊಬ್ಬರಿಗೇ ಮೇಡಂ, ಪಾಲುದಾರರಿಲ್ಲ ಎಂದರು. ಹೆಡ್‌ಮಿಸ್ಸು ಒಂದು ಕ್ಷಣ ಯೋಚಿಸಿ, ಕನ್ನಡಕವನ್ನು ಮೇಲೇರಿಸಿ, ಅಧ್ಯಕ್ಷರ ಕಡೆ ಕನಿಕರದಿಂದ ನೋಡಿದರು.

ಅಧ್ಯಕ್ಷರು ಮಾತ್ರ ಕೆಂಪಗಾಗಿದ್ದರು. "ನಿಮ್ಮನ್ನ ಈ ಕ್ಷಣದಿಂದ ಹುದ್ದೆಯಿಂದ ತೆಗೆದಿದೀನಿ."

"ತೆಗೀರಿ ಸಾರ್. ಪಾಸ್‌ವರ್ಡ್ ಮಾತ್ರ ನನ್ನ ತಲೇಲೇ ಇರುತ್ತೆ."

ಭಾವನ ತಲೆಯಲ್ಲಿ ಏನಾದರೂ ಬಹಳ ದಿನ ಉಳಿಯುತ್ತದೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಸಂಜೆ ಅದು ಅಲ್ಲಿ ಭದ್ರವಾಗಿತ್ತು. ಅವರು ಫೋನಿನ ಮೇಲೆ ಬೆರಳೊತ್ತಿದರು. ಮಹಡಿ ಮಹಡಿಯ ಡಬ್ಬಿಗಳ ದೀಪಗಳು ಒಂದೊಂದಾಗಿ ಆರಿದವು. ಅದೇ ಹೊತ್ತಿಗೆ ಡಾಕ್ಟರಮ್ಮನ ಕರೆ ಬರಬೇಕಾಗಿತ್ತು. ಅಕ್ಕ ಕೈಯಲ್ಲಿದ್ದ ಫೋನನ್ನು ನೋಡುತ್ತಾ ನಿಂತಳು. ನಮ್ಮ ಪಕ್ಕದ ಡಬ್ಬಿಯಲ್ಲಿ ಮೊದಲು ಕೆಂಪು ದೀಪ ಬಂತು, ಅದು ಮಿನುಗಿ ಮಿನುಗಿ ಹಸಿರಾಯಿತು. ಅದರ ಹಿಂದೆಯೇ ಫೋನು ಹೊಡೆದುಕೊಂಡಿತು.

ಡಾಕ್ಟರಮ್ಮ ಮೊದಲು ಕೇಳಿದ್ದೇ, ಇದೇನು ಇಷ್ಟು ಜನರ ಸದ್ದು, ಮನೆಯಲ್ಲಿ ಕೂತು ಮಾತಾಡಿ ಎಂದಿರಲಿಲ್ಲವೇ ಎಂದು.

"ಮನೆಗೇ ಹೋಗ್ತಿದೀನಿ ಡಾಕ್ಟ್ರೇ," ಎಂದಳು ಅಕ್ಕ. "ನೀವು ಮಾತಾಡ್ತಾ ಇರಿ, ನಾನು ಹತ್ತುತಾ ಇರ್ತೀನಿ."

ಅಕ್ಕ ಹತ್ತಿದಳು. ಈ ಸಲ ಭುಜ ಭಾವನದು. ನಾನು ಸ್ಟೂಲು ಹಿಡಿದು ಹಿಂದೆ, ನನ್ನ ಹಿಂದೆ ಟೈಲರ್, ಟೈಲರ್ ಹಿಂದೆ ಏನಾಗುವುದೋ ನೋಡೋಣವೆಂದು ಜಡ್ಜ್ ಸಾಹೇಬರು. ಎರಡನೇ ಮಹಡಿಯಲ್ಲಿ ಡಾಕ್ಟರಮ್ಮ ನಾಳೆಯ ಸರದಿಗಳನ್ನು ಕೇಳುತ್ತಿದ್ದರು. ಅಕ್ಕ ನಿಂತು ಉಸಿರು ತೆಗೆದುಕೊಂಡು ಹೇಳಿದಳು. ಮೂರನೆಯದರಲ್ಲಿ ನನ್ನ ಬಾಗಿಲ ಮುಂದಿನ ಡಬ್ಬಿಯ ದೀಪ ಇನ್ನೂ ಕೆಂಪಗಿತ್ತು. ಅಕ್ಕ ನಿಂತಳು. ಭಾವ ಡಬ್ಬಿಯನ್ನು ನೋಡಿದ ನೋಟಕ್ಕೆ ನಾನಾಗಿದ್ದರೆ ತಕ್ಷಣ ಹಸಿರಾಗುತ್ತಿದ್ದೆ. ಅದು ತನ್ನ ಪಾಡಿಗೆ ನಿಧಾನವಾಗಿ ಹಸಿರಾಯಿತು. ಅಕ್ಕ ಮತ್ತೆ ಮೆಟ್ಟಿಲ ಮೇಲೆ ಪಾದವಿಟ್ಟಳು. ಅವಳ ಹಣೆಯಲ್ಲಿ ಬೆವರು, ಮಾತಿನಲ್ಲಿ ಮಾತ್ರ ಒಂದಿಷ್ಟೂ ನಡುಕವಿಲ್ಲ. ಅವಳನ್ನು ನೋಡಿ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ನಾಲ್ಕನೇ ಮಹಡಿಯಲ್ಲಿ ಅವಳು ತನ್ನ ಅಡುಗೆಮನೆಗೆ ನಡೆದಳು. ನಾನು ಸ್ಟೂಲು ಹಾಕಿದೆ. ಅವಳು ಕೂತು, ಕಾಲು ನೀಡಿ, ಈಗ ಮನೇಲಿ ಕೂತಿದೀನಿ, ಕೇಳಿಸ್ತಿದೆಯಾ ಎಂದು ಕೇಳಿದಳು. ಇಷ್ಟು ಹೊತ್ತೂ ಕೇಳಿಸುತ್ತಲೇ ಇತ್ತು, ನಾಳೆ ಬೆಳಿಗ್ಗೆ ಎಂದಿನಂತೆ ಫೋನು ತೆಗೆದುಕೊಳ್ಳಿ, ಈಗ ಒಬ್ಬರು ಕಾಯುತ್ತಿದ್ದಾರೆ, ಅವರ ಕರೆ ಕೊಡುತ್ತೇನೆ ಎಂದರು ಡಾಕ್ಟರಮ್ಮ. ಭಾವ ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟರು.

ಆಗ ಕೆಳಗಿನಿಂದ ಅಧ್ಯಕ್ಷರ ದನಿ ಮೆಟ್ಟಿಲು ಹತ್ತಿ ಬಂತು. ಇದು ದಂಗೆ, ನಾಳೆಯೇ ವಿಶೇಷ ಸಭೆ ಕರೆಯುತ್ತೇನೆ, ಆರನೇ ನಂಬರಿನಲ್ಲಿ ನಾನು ಒಂದು ದಿನವೂ ಇರುವುದಿಲ್ಲ, ಕೇಳಿಸ್ತಾ, ಉತ್ತರ ಕೊಡಿ ಎಂದು ಅವರು ಒಂದೊಂದು ಮಹಡಿಗೂ ದನಿಯೇರಿಸುತ್ತಾ ಬಂದು ನಮ್ಮ ಬಾಗಿಲಲ್ಲಿ ನಿಂತರು. ಭಾವ ಏಳಲು ಹೋದರು. ಅಕ್ಕ ಅವರ ಭುಜ ಒತ್ತಿ ಕೂರಿಸಿದಳು. ಆಮೇಲೆ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಅಧ್ಯಕ್ಷರ ಕಡೆ ತಿರುಗಿದಳು.

"ಸ್ವಲ್ಪ ಹೊರಗೆ ಕೂತಿರಿ. ಪೇಷಂಟ್ ಲೈನಲ್ಲಿದಾರೆ."